ಆನೆಕೊಂಡದ ಅಮ್ಜದ್ ಮತ್ತು ಬದನೆಕಾಯಿ ಅಂಗಿ

ನಮ್ಮ ದಾವಣಗೆರೆಯ ಆನೆಕೊಂಡದ ಅಮ್ಜದ್ ಕಳೆದ ಫೆಬ್ರುವರಿಯ ಒಂದು ಭಾನುವಾರ ಹರಿಹರದ ಹೊಳೆ ದಂಡೆಯಲ್ಲಿ ಬೇರೆಯವರ ಮಗುವೊಂದನ್ನು ಬಿಟ್ಟು ಬಂದನೆಂಬುದು ನಿಜ. ಬೇಕೆಂದೇ ಬಿಟ್ಟು ಬಂದನೆಂಬುದು ಸುಳ್ಳು. ಈ ಎರಡು ಮಾತುಗಳ ನಡುವಿನ ಅಂತರ ತಿಳಿಯದವರು ದಾವಣಗೆರೆಯಲ್ಲಿ ಇಷ್ಟೊಂದು ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಪಿ.ಜೆ. ಬಡಾವಣೆಯ ಹೋಟೆಲೊಂದರಲ್ಲಿ ಒಬ್ಬ ಮಹನೀಯರು ಆ ಹುಡುಗನ ಜಾತಿಯನ್ನೂ ಅಮ್ಜದ್‌ನ ಧರ್ಮವನ್ನೂ ಅಕ್ಕಪಕ್ಕದಲ್ಲಿಟ್ಟು ಕಥೆ ಕಟ್ಟುತ್ತಿದ್ದುದನ್ನು ನಾನು ಪಕ್ಕದ ಮೇಜಿನಲ್ಲಿ ಕುಳಿತು ಕೇಳಿದೆ. ಅವರು ಆ ದಿನ ಅಲ್ಲಿರಲಿಲ್ಲ. ನಾನಿದ್ದೆ. ನಾನು ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆಬೇರೆಯಾಗಿಯೇ ಬರೆಯುತ್ತೇನೆ.

ಅಮ್ಜದ್‌ಗೆ ಈಗ ಮೂವತ್ತನಾಲ್ಕು ವರ್ಷ. ಆಟೋಗಳಿಗೆ ಹುಡ್ಡು, ಸೀಟು ಹೊಲಿಯುವುದು ಅವನ ಕಸುಬು. ತಂದೆ ಅಬ್ದುಲ್ ರಹೀಮ್ ಕೂಡ ಅದೇ ಅಂಗಡಿಯಲ್ಲಿ ಅದೇ ಕೆಲಸ ಮಾಡಿದವರು. ಮಾತು ಕಡಿಮೆ, ನಗು ಬೇಗ. ಬಾಯಲ್ಲಿ ದಬ್ಬಣ ಕಚ್ಚಿಕೊಂಡೇ ಗಿರಾಕಿಗಳಿಗೆ ಉತ್ತರ ಕೊಡುವ ಕೆಟ್ಟ ಚಾಳಿಯೂ ಇದೆ. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾದವನು. ಅದನ್ನು ಅವನೇ ಎಲ್ಲರಿಗೂ ಹೇಳಿಕೊಳ್ಳುವುದರಿಂದ ನಾನು ಮುಚ್ಚಿಡಬೇಕಾದ ಅಗತ್ಯವಿಲ್ಲ.

ಅವನು ಕಾರ್ಯದರ್ಶಿಯಾಗಿರುವ ನೆರೆಹೊರೆ ಯುವಕ ಸಂಘ ಬಹಳ ಕಾಲ ಎಲ್ಲ ಯುವಕ ಸಂಘಗಳಂತೆಯೇ ಇತ್ತು. ಕ್ರಿಕೆಟ್ ಪಂದ್ಯ, ಗಣಪತಿ ಕೂರಿಸುವುದು, ಉರುಸಿಗೆ ಬಂದವರಿಗೆ ಶರಬತ್ತು ಹಂಚುವುದು, ಉಳಿದ ದಿನಗಳಲ್ಲಿ ಕೇರಂ. ಅದು ಬದಲಾದದ್ದು ಹೀಗೆ. ಹಿಂದಿನ ವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಹೊರಗಿನಿಂದ ಬೀಗ ಹಾಕಿದ್ದ ಮನೆಯೊಳಗೆ ಮಗುವೊಂದು ಅಳುವುದು ಅಮ್ಜದ್‌ಗೆ ಕೇಳಿಸಿತು. ಅದು ಕಮಲಕ್ಕನವರ ಮನೆ. ಅವರು ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಕೆಲಸ ಮಾಡುವವರು. ಗಂಡ ತೀರಿಕೊಂಡಿದ್ದರು. ನಸುಕಿನಲ್ಲೇ ಭಟ್ಟಿಗೆ ಹೋಗಬೇಕಾದ್ದರಿಂದ ಮಗ ಶಿವುವನ್ನು ಒಳಗೆ ಬಿಟ್ಟು ಬೀಗ ಹಾಕಿ ಹೋಗುತ್ತಿದ್ದರು. ಅಂದು ಹುಡುಗನಿಗೆ ಜ್ವರ. ಅಮ್ಜದ್ ಬೀಗ ಒಡೆಯಲಿಲ್ಲ. ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಆ ಹುಡುಗನ ಕೈ ಹಿಡಿದುಕೊಂಡು, ತಾಯಿ ಬರುವ ತನಕ ಹೊರಗೆ ನಿಂತೇ ಇದ್ದ. ಅಂದು ಅವನ ಅಂಗಡಿ ತೆರೆಯಲಿಲ್ಲ. ಇದನ್ನು ನಾನು ಕೇಳಿದ್ದು ಕಮಲಕ್ಕನವರಿಂದಲೇ.

ಆ ಬೀದಿಗಳಲ್ಲಿ ಅಂಥ ಬೀಗದ ಮನೆಗಳು ಇನ್ನೂ ಇದ್ದವು. ಜೂನ್ ತಿಂಗಳಿಂದ ಸಂಘದ ಕೊಠಡಿಯಲ್ಲಿ ಕೇರಂ ಹಲಗೆ ಗೋಡೆಗೆ ಒರಗಿತು. ನಸುಕಿನಿಂದ ಶಾಲೆಯ ಹೊತ್ತಿನವರೆಗೆ, ಶಾಲೆ ಬಿಟ್ಟ ಮೇಲೆ ತಾಯಂದಿರು ಬರುವವರೆಗೆ ಮಕ್ಕಳು ಅಲ್ಲಿರತೊಡಗಿದರು. ಸಂಘದ ಅಧ್ಯಕ್ಷ ಉಚ್ಚೆಂಗಪ್ಪ ತನ್ನ ಬಾಡಿಗೆ ಟೆಂಪೋದಲ್ಲಿ ದೂರದ ಮಕ್ಕಳನ್ನು ಕರೆತರುತ್ತಿದ್ದ. ಸಂಜೆ ಓದಿಸಲು ನಾನು ಹೋಗುತ್ತಿದ್ದೆ. ಸರ್ಕಾರದ ಒಂದು ಪೈಸೆಯೂ ಇದರಲ್ಲಿರಲಿಲ್ಲ. ವಿದೇಶದ ಹಣ ಬರುತ್ತಿತ್ತೆಂದು ಆ ಹೋಟೆಲಿನ ಮಹನೀಯರು ಹೇಳಿದ್ದೂ ಸುಳ್ಳು.

ಎರಡು ಪದ್ಧತಿಗಳನ್ನು ಇಲ್ಲಿ ವಿವರಿಸಬೇಕು. ಅವು ತಿಳಿಯದಿದ್ದರೆ ಮುಂದಿನದು ತಿಳಿಯದು.

ಮೊದಲನೆಯದು ಜೋಡಿ. ಪ್ರತಿ ದೊಡ್ಡ ಮಗುವಿಗೂ ಒಂದು ಚಿಕ್ಕ ಮಗು. ಹೊರಗೆ ಹೋದಾಗ ಅಮ್ಜದ್ "ಜೋಡಿ!" ಎಂದು ಕೂಗಿದರೆ ಎಲ್ಲರೂ ತಂತಮ್ಮ ಜೊತೆಯವರ ಕೈ ಹಿಡಿದು ಮೇಲೆತ್ತಬೇಕು. ಒಂಟಿ ಕೈ ಕಂಡರೆ ಯಾರೋ ಇಲ್ಲವೆಂದು ಅರ್ಥ. ಮಕ್ಕಳಿಗೆ ಅದೊಂದು ಆಟ. ಶಿವುವಿನ ಜೋಡಿ ಆರು ವರ್ಷದ ಗುಲ್ನಾಜ್.

ಎರಡನೆಯದು ಅಂಗಿ. ಗದ್ದಲದಲ್ಲಿ ಮಕ್ಕಳು ಕಾಣುವಂತಿರಲೆಂದು ಒಂದೇ ಬಣ್ಣದ ಅಂಗಿ ಬೇಕೆಂದಾಯಿತು. ಹಸಿರು ಬೇಡವೆಂದು ಕೆಲವರು, ಕೇಸರಿ ಬೇಡವೆಂದು ಕೆಲವರು, ನೀಲಿಯ ಬಗ್ಗೆಯೂ ಆಕ್ಷೇಪ. ಕೊನೆಗೆ ಯಾವ ಪಕ್ಷಕ್ಕೂ ಯಾವ ದೇವರಿಗೂ ಸೇರದ ಗಾಢ ನೇರಳೆ ಬಣ್ಣ ಗೆದ್ದಿತು. ಮಕ್ಕಳು ಅದನ್ನು ಬದನೆಕಾಯಿ ಅಂಗಿ ಎಂದು ಕರೆದರು. ಅಮ್ಜದ್‌ನ ಹೆಂಡತಿ ನುಜತ್ ಒಂದೇ ಥಾನು ಬಟ್ಟೆಯಿಂದ ಎಲ್ಲವನ್ನೂ ಹೊಲಿದಳು. ಆದರೆ ಬಟ್ಟೆಯನ್ನು ಮೊದಲು ನೀರಿಗೆ ಹಾಕಿರಲಿಲ್ಲ. ಮೊದಲ ಒಗೆತಕ್ಕೇ ಅಂಗಿಗಳು ಕುಗ್ಗಿ ಯಾರಿಗೂ ಬರದಂತಾದವು.

"ನೀ ಹೊಲ್ದಿರೋದು ಗೊಂಬೆಗಳಿಗೇನು?" ಎಂದ ಅಮ್ಜದ್.

"ಆಟೋದ ಸೀಟು ಕುಗ್ಗಲ್ಲ, ಅದಕ್ಕೆ ನಿಂಗೆ ಇಷ್ಟು ಧಿಮಾಕು," ಎಂದಳು ನುಜತ್. ಉಳಿದ ಬಟ್ಟೆಯನ್ನು ನೆನೆಹಾಕಿ, ಒಣಗಿಸಿ ಹೊಸ ಅಂಗಿಗಳನ್ನು ಹೊಲಿದಳು. ಕುಗ್ಗಿದವು ಗಂಟು ಕಟ್ಟಿಸಿಕೊಂಡು ಮೂಲೆ ಸೇರಿದವು.

ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಹರಿಹರದ ದಂಡೆಯ ಮನೆಗಳಿಗೆ ನೀರು ನುಗ್ಗಿತು. ಸಂಘದವರು ಅಕ್ಕಿ, ಚಾಪೆ, ಹಳೆಯ ಬಟ್ಟೆ ಒಯ್ದು ಕೊಟ್ಟರು. ಆ ಬಟ್ಟೆಗಳ ಜೊತೆಯಲ್ಲಿ ಕುಗ್ಗಿದ ನೇರಳೆ ಅಂಗಿಗಳೂ ಹೋದವು. ಒಳ್ಳೆಯ ಬುದ್ಧಿಯಿಂದ ಕೊಟ್ಟದ್ದು. ಆ ಹೊತ್ತಿನಲ್ಲಿ ಅದರಲ್ಲಿ ತಪ್ಪು ಕಾಣಬಲ್ಲವರು ಯಾರಾದರೂ ಇದ್ದರೆ ನನ್ನೆದುರು ಬಂದು ಹೇಳಲಿ.

ಫೆಬ್ರುವರಿಯ ಆ ಭಾನುವಾರ ಮಕ್ಕಳನ್ನು ಹರಿಹರಕ್ಕೆ ಕರೆದೊಯ್ದೆವು. ದೇವಸ್ಥಾನ ನೋಡಿಯಾಯಿತು, ದರ್ಗಾ ನೋಡಿಯಾಯಿತು, ದಂಡೆಯಲ್ಲಿ ಕುಳಿತು ಚಿತ್ರಾನ್ನ, ಮಂಡಕ್ಕಿ, ಮಿರ್ಚಿ ತಿಂದೂ ಆಯಿತು. ಹೊಳೆ ಬತ್ತಿ ಬಂಡೆಗಳು ಎದ್ದಿದ್ದವು. ಆದರೆ ಮರಳು ತೆಗೆದ ಗುಂಡಿಗಳಲ್ಲಿ ಆಳುದ್ದ ನೀರಿತ್ತು. ಅಮ್ಜದ್ ಆ ಕಡೆಗೆ ಯಾರನ್ನೂ ಬಿಡದೆ ಅಡ್ಡಲಾಗಿ ನಿಂತಿದ್ದ. ದಂಡೆಯ ಮನೆಗಳ ಮಕ್ಕಳೂ ಬಂದು ಸೇರಿಕೊಂಡವು, ಅವಕ್ಕೂ ತಿನ್ನಲು ಕೊಟ್ಟೆವು. ಬಿಸಿಲು ಇಳಿಯುವಾಗ ಅಮ್ಜದ್ "ಜೋಡಿ!" ಎಂದು ಕೂಗಿದ. ಕೈಗಳೆಲ್ಲ ಜೋಡಿಯಾಗಿ ಮೇಲೆದ್ದವು. ಒಂಟಿ ಕೈ ಒಂದೂ ಇರಲಿಲ್ಲ. ಟೆಂಪೋ ಹೊರಟಿತು.

ನಾನು ಮುಂದೆ ಉಚ್ಚೆಂಗಪ್ಪನ ಪಕ್ಕ ಕುಳಿತಿದ್ದೆ. ಹಿಂದಿನ ಬಾಗಿಲಲ್ಲಿ ಅಮ್ಜದ್ ನಿಂತಿದ್ದ. ದಂಡೆಯಿಂದ ಬರಿಮೈ ಹುಡುಗನೊಬ್ಬ ಟೆಂಪೋದ ಹಿಂದೆ ಕೈ ಬೀಸುತ್ತಾ ಓಡಿಬಂದ. ದೂರ, ಧೂಳು, ಎದುರಿಗೆ ಸೂರ್ಯ. ಅಲ್ಲಿಯದೇ ಹುಡುಗನೆಂದುಕೊಂಡು ಅಮ್ಜದ್ ನಗುತ್ತಾ ಕೈ ಬೀಸಿದ. ಮಕ್ಕಳೆಲ್ಲ "ಟಾಟಾ!" ಎಂದು ಕೂಗಿದವು. ಆ ಕೂಗು ಮುಂದೆ ಕುಳಿತ ನನಗೂ ಕೇಳಿಸಿತು; ಉಳಿದದ್ದು ಅಮ್ಜದ್ ಆಮೇಲೆ ಹೇಳಿದ್ದು.

ಆನೆಕೊಂಡ ತಲುಪಿದಾಗ ತಾಯಂದಿರು ಕಾದಿದ್ದರು. ಮಕ್ಕಳು ಇಳಿದವು. ಗುಲ್ನಾಜ್ ಇಳಿದಳು; ಅವಳ ಕೈ ಹಿಡಿದು ಇನ್ನೊಂದು ಮಗು ಇಳಿಯಿತು. ಅದನ್ನು ನಾವು ಯಾರೂ ಯಾವತ್ತೂ ನೋಡಿರಲಿಲ್ಲ.

"ನನ್ ಹುಡುಗ ಎಲ್ಲಿ?" ಎಂದರು ಕಮಲಕ್ಕ.

ಅಮ್ಜದ್ ಟೆಂಪೋದೊಳಗೆ ಹತ್ತಿ ಸೀಟುಗಳ ಕೆಳಗೂ ನೋಡಿದ. ಇಳಿದು ಬಂದು ಗುಲ್ನಾಜ್‌ಳ ಮುಂದೆ ಮೊಣಕಾಲೂರಿದ. "ಬೇಟಾ, ಶಿವಣ್ಣ ಎಲ್ಲಿ?"

"ಗೊತ್ತಿಲ್ಲ."

"ಮತ್ತೆ ಇವನ ಕೈ ಯಾಕ ಹಿಡ್ಕಂಡಿ?"

"ಇವ್ನೂ ಬದ್ನೆಕಾಯಿ ಅಂಗಿ ಹಾಕ್ಯಾನಲ್ಲ," ಎಂದಳು ಗುಲ್ನಾಜ್. ಬಯ್ಯುತ್ತಾರೆಂದು ತಿಳಿದು ಅಳತೊಡಗಿದಳು.

ಆ ಹುಡುಗ ಮಾತ್ರ ಅಳಲಿಲ್ಲ. ತನ್ನ ಹೆಸರು ನಯೀಮ್ ಎಂದ. ಟೆಂಪೋದಲ್ಲಿ ಕೂರಬೇಕೆನಿಸಿತಂತೆ. ಈ ಅಕ್ಕ ಕೈ ಕೊಟ್ಟಳು, ಬಂದೆ ಎಂದ. ಅಂಗಿ ನುಜತ್ ಹೊಲಿದು ಕುಗ್ಗಿದ ಮೊದಲ ಸರದಿಯದು. ಅವನಿಗೆ ಸರಿಯಾಗಿ ಕೂತಿತ್ತು.

ಅಮ್ಜದ್ ಮೇಲೇಳಲಿಲ್ಲ. "ಆ ಬರಿಮೈ ಹುಡುಗ," ಎಂದ. ಮತ್ತೆ, ಯಾರಿಗೂ ಅಲ್ಲದಂತೆ, "ನಾನು ಟಾಟಾ ಮಾಡ್ದೆ," ಎಂದ.

ಕಮಲಕ್ಕ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ನೇರವಾಗಿ ಹೋಗಿ ಟೆಂಪೋದಲ್ಲಿ ಕುಳಿತರು. "ನಡೀರಿ," ಎಂದರು.

ಅಷ್ಟರಲ್ಲಿ ಬೀದಿಯ ಹಿರಿಯ ವಾಮದೇವಪ್ಪ ಮೊಬೈಲ್ ಹಿಡಿದುಕೊಂಡು ಬಂದರು. ಅದರಲ್ಲೊಂದು ಸಂದೇಶ: ನೇರಳೆ ಅಂಗಿ ತೊಟ್ಟ ಮಕ್ಕಳ ಕಳ್ಳರು ಹರಿಹರದ ದಂಡೆಯಿಂದ ಮಗುವೊಂದನ್ನು ಟೆಂಪೋದಲ್ಲಿ ಹೊತ್ತೊಯ್ದಿದ್ದಾರೆ, ಕಂಡಲ್ಲಿ ಹಿಡಿಯಿರಿ. ಟೆಂಪೋದ ಹಿಂಭಾಗದ ಚಿತ್ರವೂ ಇತ್ತು. ನಂಬರ್ ಸ್ಪಷ್ಟವಾಗಿತ್ತು. ಬಾಗಿಲಲ್ಲಿ ಕೈ ಬೀಸುತ್ತಿರುವ ಅಮ್ಜದ್‌ನೂ ಸ್ಪಷ್ಟವಾಗಿಯೇ ಇದ್ದ.

"ಇದೇ ಗಾಡ್ಯಾಗೆ ಹೋದ್ರೆ ಸುಟ್ಟು ಹಾಕ್ತಾರೆ, ಬ್ಯಾಡ. ಪೊಲೀಸ್ರಿಗೆ ಬಿಡ್ರಿ," ಎಂದರು ವಾಮದೇವಪ್ಪ.

112ಕ್ಕೆ ಕರೆ ಮಾಡಿದವನು ನಾನೇ. ನಡೆದುದನ್ನು ಕ್ರಮವಾಗಿ ತಿಳಿಸಿದೆ. ಅವರು ವಾಹನ ಕಳಿಸುತ್ತೇವೆಂದರು, ಕಳಿಸಿದರು ಕೂಡ. ಪೊಲೀಸರಿಗೆ ತಿಳಿಸಲೇ ಇಲ್ಲ ಎಂಬ ಆಪಾದನೆಗೆ ಇದು ಉತ್ತರ. ಆದರೆ ದಂಡೆಯಲ್ಲಿ ಕತ್ತಲಾಗುತ್ತಿತ್ತು, ಗುಂಡಿಗಳಲ್ಲಿ ನೀರಿತ್ತು. ಉಚ್ಚೆಂಗಪ್ಪ ಆಗಲೇ ಗಾಡಿ ತಿರುಗಿಸಿದ್ದ.

ನುಜತ್ ಗಂಡನ ತೋಳು ಹಿಡಿದಳು. ಸಂಘದ ದೊಡ್ಡವರೂ ಅಂದು ಅದೇ ನೇರಳೆ ಅಂಗಿ ತೊಟ್ಟಿದ್ದರು. "ಅಂಗಿನಾದ್ರೂ ತೆಗ್ದು ಹೋಗು. ಎಲ್ಲಾರೂ ಅದ್ನೇ ಹುಡುಕ್ತಾವ್ರೆ."

"ಶಿವೂನೂ ಇದ್ನೇ ಹುಡುಕ್ತಿರ್ತಾನೆ," ಎಂದ ಅಮ್ಜದ್. ಅಂಗಿ ತೆಗೆಯಲಿಲ್ಲ.

ಟೆಂಪೋದಲ್ಲಿ ನಾವು ಐವರು: ಉಚ್ಚೆಂಗಪ್ಪ, ಅಮ್ಜದ್, ಕಮಲಕ್ಕ, ನಾನು ಮತ್ತು ನಯೀಮ್. ನಯೀಮ್ ಎರಡನೆಯ ಸವಾರಿ ಸಿಕ್ಕಿದ ಸಂತೋಷದಲ್ಲಿ ಕಿಟಕಿಯಿಂದ ಕಿಟಕಿಗೆ ಓಡಾಡಿದ. ಆಮೇಲೆ ಕಮಲಕ್ಕನವರ ಮಗ್ಗುಲಲ್ಲಿ ಕುಳಿತು, "ನಿಮ್ಮ ಕೈಯಾಗೆ ಮಂಡಕ್ಕಿ ವಾಸ್ನಿ ಬರ್ತೈತೆ," ಎಂದ. ಸ್ವಲ್ಪ ಹೊತ್ತಿಗೆ ಅವರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದ. ಅವರು ಅವನನ್ನು ದೂಡಲಿಲ್ಲ, ತಲೆ ನೇವರಿಸಲೂ ಇಲ್ಲ. ಬೀಳದಂತೆ ಹಿಡಿದುಕೊಂಡರು, ಅಷ್ಟೇ.

"ಹೊಳ್ಯಾಗೆ ನೀರು ಎಷ್ಟೈತ್ರಿ?" ಎಂದು ಕೇಳಿದರು.

"ಬ್ಯಾಸಿಗಿ ಬಂತಲ್ಲಕ್ಕ. ಪಾದ ನೆನೆಯಾಂಗಿಲ್ಲ," ಎಂದ ಉಚ್ಚೆಂಗಪ್ಪ.

ಕಮಲಕ್ಕ ಅಮ್ಜದ್‌ನ ಕಡೆ ತಿರುಗಿದರು. "ನೀ ಹೇಳಪ್ಪ."

"ಮರಳು ತೆಗ್ದ ಗುಂಡಿ ಅದಾವಕ್ಕ," ಎಂದ ಅಮ್ಜದ್. "ನಾ ಅಡ್ಡ ನಿಂತಿದ್ದೆ. ಹೊರಟ ಮ್ಯಾಲೆ ಯಾರು ನಿಂತಿರ್ತಾರೋ ಗೊತ್ತಿಲ್ಲ."

ಉಚ್ಚೆಂಗಪ್ಪ ಕನ್ನಡಿಯಲ್ಲಿ ಅವನನ್ನು ಕೆಂಗಣ್ಣಿನಿಂದ ನೋಡಿದ. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತೆಂದು ನನಗೂ ಆ ಕ್ಷಣ ಅನಿಸಿತು. ಕಮಲಕ್ಕ ಮಾತ್ರ ತಲೆಯಾಡಿಸಿ ಮುಂದಿನ ರಸ್ತೆಯ ಕಡೆ ದೃಷ್ಟಿ ನೆಟ್ಟರು.

ದಂಡೆಗೆ ತಿರುಗುವ ರಸ್ತೆಯಲ್ಲಿ ಜನ ಅಡ್ಡ ನಿಂತಿದ್ದರು. ಒಂದು ಕಲ್ಲು ಬಂದು ಮುಂದಿನ ಗಾಜು ಬಿರುಕು ಬಿಟ್ಟಿತು. ಉಚ್ಚೆಂಗಪ್ಪ ಬ್ರೇಕ್ ಹಾಕಿದ. ಅಮ್ಜದ್ ಎಲ್ಲರಿಗಿಂತ ಮೊದಲು ಇಳಿದ. ಆ ಅಂಗಿ ಕಂಡದ್ದೇ ತಡ, ಒಬ್ಬ ಅವನ ಕಪಾಳಕ್ಕೆ ಹೊಡೆದ. ಇನ್ನೊಬ್ಬ ಕೊರಳಪಟ್ಟಿ ಹಿಡಿದ. ಅಮ್ಜದ್ ಕೈ ಎತ್ತಲಿಲ್ಲ. "ಬರಿಮೈ ಹುಡುಗನ್ನ ನೋಡಿದ್ರೇನ್ರಿ? ಒಂಬತ್ತು ವರ್ಷದೋನು, ಶಿವು ಅಂತ," ಎಂದು ಹೊಡೆಯುವವರನ್ನೇ ಕೇಳುತ್ತಿದ್ದ.

"ಇನ್ನೊಂದು ಹುಡುಗನ್ನ ಬೇರೆ ಕೇಳ್ತಾನೆ ನೋಡ್ರೋ!" ಎಂದು ಯಾರೋ ಕೂಗಿದರು. ಹೊಡೆತ ಹೆಚ್ಚಿತು.

ನಾನು ಇಳಿದು ನ್ಯಾಯಾಲಯ, ಕಾನೂನು ಎಂದು ಏನೋ ಹೇಳಲು ಹೊರಟೆ. "ಅಜ್ಜಾ, ನೀ ಸುಮ್ನೆ ಒಳಗ ಕೂಡ್ರು, ಬಿದ್ದೀಯ," ಎಂದು ಒಬ್ಬ ಹುಡುಗ ನನ್ನ ಭುಜ ಹಿಡಿದು ಬದಿಗೆ ಸರಿಸಿದ.

ಆಗ ಕಮಲಕ್ಕ ಇಳಿದರು. ಹೆಗಲ ಮೇಲೆ ನಯೀಮ್, ಇನ್ನೂ ನಿದ್ದೆಗಣ್ಣು. ಅವರ ದನಿ ಏರಲಿಲ್ಲ. "ನಿಮ್ ಹುಡುಗ ಇಲ್ಲೈತೆ. ಯಾರ್ ಕೈಯಾಗೆ ಕೊಡ್ಲಿ? ನನ್ ಹುಡುಗನ್ನ ಯಾರ್ ಕೈಯಾಗೆ ತಗಳ್ಲಿ?"

ಹೊಡೆಯುತ್ತಿದ್ದ ಕೈಗಳು ನಿಂತವು. ಜನರ ಹಿಂದಿನಿಂದ ಮುದುಕಿಯೊಬ್ಬರು ತಳ್ಳಾಡಿಕೊಂಡು ಬಂದರು. ನಯೀಮ್‌ನ ಅಜ್ಜಿ, ರಹೀಮುನ್ನೀಸಾ. ಅವರ ಎಡಗೈ ಯಾರನ್ನೋ ಹಿಂದಿನಿಂದ ಎಳೆದು ತರುತ್ತಿತ್ತು. ಒದ್ದೆ ನೇರಳೆ ಅಂಗಿ, ಅತ್ತು ಬಾತುಕೊಂಡ ಮುಖ. ಅವನೇ ಶಿವು.

ಕಮಲಕ್ಕ ಹೆಗಲ ಮೇಲಿನ ಮಗುವನ್ನು ಮರೆತು ಶಿವುವಿನ ಕಡೆ ನುಗ್ಗಿದರು. ಉಚ್ಚೆಂಗಪ್ಪ ಓಡಿ ನಯೀಮ್‌ನನ್ನು ಹಿಡಿದುಕೊಂಡ. ಮುದುಕಿ ಮಾತ್ರ ಶಿವುವಿನ ಕೈ ಬಿಡಲಿಲ್ಲ. "ಮೊದ್ಲು ನನ್ ಕೂಸು ಇತ್ತ ಕೊಡ್ರಿ. ಆಮ್ಯಾಲೆ ಇವನ್ನ ಬಿಡ್ತೀನಿ," ಎಂದರು. ಹಾಗೆಯೇ ಆಯಿತು. ಮೊಮ್ಮಗ ಕೈಗೆ ಬಂದೊಡನೆ ಅವನ ಬೆನ್ನಿಗೊಂದು ಬಾರಿಸಿದರು, ಮತ್ತೆ ಎದೆಗೊತ್ತಿಕೊಂಡರು.

ನಡೆದದ್ದನ್ನು ಅವರು ಹೇಳಿದಂತೆ ಬರೆಯುತ್ತೇನೆ. ಮೊಮ್ಮಗನನ್ನು ಹುಡುಕುತ್ತಾ ಹೊಳೆಗೆ ಹೋದಾಗ ಬಂಡೆಯ ಪಕ್ಕದಲ್ಲಿ ನೇರಳೆ ಅಂಗಿ ಕಂಡಿತು. ಹಿಂದಿನಿಂದ ಹೋಗಿ ಹಿಡಿದರು. ತಿರುಗಿದರೆ ಬೇರೆಯ ಮಗು. ಶಿವು ಕೆಸರಾದ ಅಂಗಿಯನ್ನು ಅಮ್ಮ ಬಯ್ಯುತ್ತಾಳೆಂದು ತೊಳೆದು ಬಂಡೆಯ ಮೇಲೆ ಹರಡಿ, ಕಾಯುತ್ತಾ ಕುಳಿತಿದ್ದನಂತೆ. ಟೆಂಪೋದ ಸದ್ದು ಕೇಳಿ ಹಾಗೆಯೇ ಓಡಿದ. ಯಾರೂ ನಿಲ್ಲಿಸಲಿಲ್ಲ. ಮರಳಿ ಬಂದು ಅಂಗಿ ತೊಟ್ಟುಕೊಂಡು ಅಲ್ಲೇ ಕುಳಿತ. ಅಂಗಿ ಇದ್ದರೆ ಗುರುತು ಹಿಡಿಯುತ್ತಾರೆಂದು. ಮುದುಕಿ ಅವನಿಗೆ ರೊಟ್ಟಿ ಕೊಟ್ಟರು, ಕೈ ಮಾತ್ರ ಬಿಡಲಿಲ್ಲ. "ಇವನ್ನ ಕೇಳ್ಕಂಡು ಯಾರಾದ್ರೂ ಬಂದೇ ಬರ್ತಾರೆ, ಅವರ ಹತ್ರನೇ ನನ್ ಕೂಸು ಇರ್ತೈತೆ ಅಂತ ಈ ಗಂಡಸ್ರಿಗೆ ಹೇಳ್ದೆ. ಕೇಳೋರ್ಯಾರು? ಎಲ್ಲಾರೂ ಮೊಬೈಲ್ ನೋಡಾಕ ಹತ್ತಿದ್ರು," ಎಂದರು.

ಅಮ್ಜದ್‌ನ ತುಟಿ ಒಡೆದು ರಕ್ತ ಬರುತ್ತಿತ್ತು. ಅದನ್ನು ಒರೆಸಿಕೊಳ್ಳದೆ ಶಿವುವಿನ ಕಡೆ ಎರಡು ಕೈ ಚಾಚಿದ. ಹುಡುಗ ತಾಯಿಯ ಸೆರಗಿನ ಹಿಂದೆ ಸರಿದ.

"ನೀ ನನ್ನ ನೋಡ್ದಿ," ಎಂದ. "ನೋಡಿ ನಕ್ಕಿ. ಟಾಟಾ ಮಾಡ್ದಿ."

ಅಮ್ಜದ್ ಕೈಗಳನ್ನು ಕೆಳಗಿಳಿಸಿದ. ಅಷ್ಟೆಲ್ಲ ಹೊಡೆತ ತಿಂದಾಗಲೂ ನಿಂತೇ ಇದ್ದವನು ಆಗ ರಸ್ತೆಯಲ್ಲೇ ಕುಳಿತುಬಿಟ್ಟ.

ಪೊಲೀಸರು ಬಂದರು. ಹೇಳಿಕೆಗಳಾದವು, ನನ್ನದನ್ನು ನಾನೇ ಬರೆದುಕೊಟ್ಟೆ. ಹೊಡೆದವರ ಮೇಲೆ ದೂರು ಕೊಡುವುದಿಲ್ಲವೆಂದು ಅಮ್ಜದ್ ಹೇಳಿದ. ನಾನು ಕೊಡಬೇಕೆಂದೆ. ಈಗಲೂ ನನ್ನ ಅಭಿಪ್ರಾಯ ಅದೇ. ಸುಳ್ಳು ಸಂದೇಶ ಹರಡಿದವರಲ್ಲಿ ಒಬ್ಬರೂ ಇದುವರೆಗೆ ಅದನ್ನು ಅಳಿಸಿಲ್ಲ, ತಿದ್ದಿಲ್ಲ, ವಿಷಾದ ಸೂಚಿಸಿಲ್ಲ. ಮರುದಿನ ಅದೇ ಚಿತ್ರ ದಾವಣಗೆರೆಯಲ್ಲಿ ಬೇರೆ ಒಕ್ಕಣೆಯೊಂದಿಗೆ ಓಡಾಡಿತು. ಹರಿಹರದಲ್ಲಿ ಮಗುವನ್ನು ಕದ್ದವನಾಗಿದ್ದ ಅಮ್ಜದ್ ಇಲ್ಲಿ ಮಗುವನ್ನು ಬೇಕೆಂದೇ ಬಿಟ್ಟುಬಂದವನಾದ. ಎರಡೂ ಒಟ್ಟಿಗೆ ನಿಜವಾಗಲು ಹೇಗೆ ಸಾಧ್ಯವೆಂದು ಯಾರೂ ಯೋಚಿಸಲಿಲ್ಲ.

ಆ ವಾರ ಸಂಘದ ಕೊಠಡಿಯಲ್ಲಿ ತಂದೆತಾಯಿಗಳ ಸಭೆ ಸೇರಿತು. ಅಮ್ಜದ್ ಬೀಗದ ಕೈ ತಂದು ಚಾಪೆಯ ಮೇಲಿಟ್ಟ. "ತಪ್ಪು ನಂದು. ನಾ ಮಕ್ಕಳನ್ನ ನೋಡ್ಲಿಲ್ಲ, ಅಂಗಿ ನೋಡ್ದೆ," ಎಂದ.

"ದೊಡ್ಡ ಅನಾಹುತ ತಪ್ಪೈತೆ. ಇಲ್ಲಿಗೇ ಮುಚ್ಚಿಬಿಡಾನ," ಎಂದರು ವಾಮದೇವಪ್ಪ. ಕೆಲವರು ತಲೆಯಾಡಿಸಿದರು. ಎಲ್ಲರೂ ಕಮಲಕ್ಕನವರ ಕಡೆ ನೋಡಿದರು. ಮುಚ್ಚು ಎನ್ನುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗೇ.

"ಮುಚ್ಚಿದ್ರೆ ನಾಳೆ ನಸಿಕಿನ್ಯಾಗೆ ನನ್ ಹುಡುಗನ್ನ ಯಾರ್ ನೋಡ್ತಾರ್ರಿ ವಾಮದೇವಪ್ನೋರೆ, ನೀವಾ?" ಎಂದರು ಕಮಲಕ್ಕ.

"ಅದು... ನಮ್ಮ ಮನ್ಯಾಗೆ..."

"ಹಂಗಾದ್ರೆ ನಾ ಮತ್ತೆ ಬೀಗ ಹಾಕ್ಕಂಡು ಹೋಗ್ಬೇಕು." ಅವರು ಅಮ್ಜದ್‌ನ ಕಡೆ ತಿರುಗಿದರು. "ನಿನ್ ಮ್ಯಾಲೆ ನಂಗೆ ಸಿಟ್ಟೈತೆ. ಹೋಗಾಂಗಿಲ್ಲ ಅದು, ಇರ್ತೈತೆ. ಆದ್ರೆ ಆವತ್ತು ನೀರೈತೇನು ಅಂದಾಗ ನೀ ಒಬ್ನೇ ಖರೇ ಹೇಳ್ದಿ. ಅಂಗಿ ಗಿಂಗಿ ಬ್ಯಾಡ. ದಿನಾ ಸಂಜಿಗೆ ಒಂದೊಂದು ಹುಡುಗನ ಮುಖ ನೋಡಿ, ಹೆಸ್ರು ಹಿಡ್ದು ಕರ್ದು, ಅವರವ್ವನ ಕೈಯಾಗೆ ನೀನೇ ಕೊಡ್ಬೇಕು. ಬ್ಯಾರೆ ಯಾರೂ ಅಲ್ಲ. ಆಗ್ತೈತಾ?"

"ಆಗ್ತೈತಕ್ಕ," ಎಂದ ಅಮ್ಜದ್.

"ಹಂಗಾದ್ರೆ ಆ ಕೈ ಎತ್ಕ."

ಅವನು ಬೀಗದ ಕೈ ಎತ್ತಿಕೊಂಡ. ಎರಡು ಕುಟುಂಬಗಳು ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದವು. ಉಳಿದವರು ಕಳಿಸುತ್ತಿದ್ದಾರೆ.

ಇದು ಜೂನ್ ತಿಂಗಳು, ಆ ಕೆಲಸಕ್ಕೆ ಒಂದು ವರ್ಷ ತುಂಬಿದೆ. ಅಮ್ಜದ್ ಈಗ ಸಂಜೆ ಅಂಗಡಿಯನ್ನು ಬೇಗ ಮುಚ್ಚುತ್ತಾನೆ. ಅದರಿಂದ ಕೆಲವು ಗಿರಾಕಿಗಳು ಹೋದರು. ಮಧ್ಯಾಹ್ನ ಹೊಲಿದು ಮುಗಿಯದ ಸೀಟುಗಳನ್ನು ಸಂಘದ ಕೊಠಡಿಗೇ ತಂದು, ಮಕ್ಕಳ ನಡುವೆ ಕುಳಿತು ಹೊಲಿಯುತ್ತಾನೆ. ಶಿವು ದಿನವೂ ಬರುತ್ತಾನೆ. ನಾನು ಕೊಟ್ಟ ಲೆಕ್ಕ ಮಾಡುತ್ತಾನೆ, ಗುಲ್ನಾಜ್‌ಳ ಜೊತೆ ಜಗಳವಾಡುತ್ತಾನೆ. ಅಮ್ಜದ್ ಹೆಸರು ಹಿಡಿದು ಕರೆದಾಗ ಎದ್ದು ಬಂದು ನಿಲ್ಲುತ್ತಾನೆ, ಮುಖ ಬೇರೆ ಕಡೆ ತಿರುಗಿಸಿಕೊಂಡು. ಫೆಬ್ರುವರಿಯಿಂದ ಅವನ ಜೊತೆ ಒಂದು ಮಾತೂ ಆಡಿಲ್ಲ.

ಕಳೆದ ವಾರ ಶಿವುವಿನ ಶಾಲೆಯ ಚೀಲದ ಪಟ್ಟಿ ಕಿತ್ತುಹೋಯಿತು. ಬಹಳ ಹೊತ್ತು ಗಂಟು ಹಾಕಲು ನೋಡಿದ, ನಿಲ್ಲಲಿಲ್ಲ. ಕೊನೆಗೆ ಎದ್ದು ಬಂದು ಚೀಲವನ್ನು ಅಮ್ಜದ್‌ನ ಮೊಣಕಾಲ ಬಳಿ ಇಟ್ಟು, ತನ್ನ ಜಾಗಕ್ಕೆ ಹೋಗಿ ಕುಳಿತ. ಅಮ್ಜದ್ ಕೈಯಲ್ಲಿದ್ದ ಸೀಟನ್ನು ಬದಿಗಿಟ್ಟ. ಬಾಯಿಂದ ದಬ್ಬಣ ತೆಗೆದು ಆ ಪಟ್ಟಿಯನ್ನು ಆಟೋ ಹುಡ್ಡಿನ ದಪ್ಪ ದಾರದಲ್ಲಿ ಎರಡು ಸಾಲು ಹೊಲಿದ, ಜಗ್ಗಿ ನೋಡಿದ, ಮತ್ತೊಂದು ಸಾಲು ಹೊಲಿದ.